34 ವರ್ಷ ವಾರ್ಡಿನಲ್ಲಿ ನಿಂತಿದ್ದೇನೆ, ಹೊಸದಾಗಿ ಸೇರಿದವರಿಗೆ ನಾಲ್ಕು ಮಾತು

ಹಳೇ ಸಿಸ್ಟರ್
ಭಾನುವಾರ, ಸಂಜೆ 6:10

ಮುಂದಿನ ತಿಂಗಳು ನನ್ನ ನಿವೃತ್ತಿ. ಜನರಲ್ ವಾರ್ಡ್, ಹೆರಿಗೆ ವಾರ್ಡ್, ಒಂಬತ್ತು ವರ್ಷ ಐಸಿಯು, ಕೊನೆಗೆ ಮತ್ತೆ ಸರ್ಜಿಕಲ್ ವಾರ್ಡಿಗೇ ಬಂದು ನಿಂತೆ. ಕಳೆದ ವಾರ ಹ್ಯಾಂಡೋವರ್ ಮುಗಿದ ಮೇಲೆ ಹೊಸ ಹುಡುಗಿಯೊಬ್ಬಳು, "ಸಿಸ್ಟರ್, ನಿಮಗೆ ಭಯ ಯಾವಾಗ ಹೋಯ್ತು?" ಅಂತ ಕೇಳಿದಳು. ಆ ಹೊತ್ತಿಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಯೋಚಿಸಿದೆ. ಪೂರ್ತಿ ಹೋಗಿಲ್ಲ. ಆದರೆ ಯಾವುದಕ್ಕೆ ಹೆದರಬೇಕು ಅನ್ನೋದು ಮಾತ್ರ ಬದಲಾಗಿದೆ.

ನನ್ನ ಕಣ್ಣೆದುರು ರೋಗಿಗಳಿಗೆ ಆದ ತೊಂದರೆಗಳನ್ನು ನೆನೆದರೆ, ಕೆಲಸ ಬಾರದೆ ಆದದ್ದು ಕಡಿಮೆ. ಗೊತ್ತಿದ್ದೂ ಬಾಯಿ ಬಿಡದೆ ಆದದ್ದೇ ಹೆಚ್ಚು. ನನ್ನದೇ ಎರಡು ಸಂಗತಿ ಹೇಳುತ್ತೇನೆ.

ಕೆಲಸಕ್ಕೆ ಸೇರಿ ಮೂರನೇ ವರ್ಷ, ಸಂಜೆ ಪಾಳಿ, ನಲವತ್ತು ಹಾಸಿಗೆಗೆ ಇಬ್ಬರೇ. ಸಕ್ಕರೆ ಕಾಯಿಲೆಯ ಒಬ್ಬ ಅಜ್ಜಿಗೆ 10 ಯೂನಿಟ್ ರೆಗ್ಯುಲರ್ ಇನ್ಸುಲಿನ್ ಕೊಡಬೇಕಿತ್ತು. ನಮ್ಮ ವಾರ್ಡಿನಲ್ಲಿ ಇರುತ್ತಿದ್ದದ್ದು ಒಂದು ಎಂಎಲ್‌ಗೆ 40 ಯೂನಿಟ್ ಇರುವ ವಯಲ್. ಸಿರಿಂಜೂ ಅದರದೇ, ಕೆಂಪು ಮುಚ್ಚಳದ್ದು. ಅವತ್ತು ಫ್ರಿಜ್‌ನಲ್ಲಿ 100 ಯೂನಿಟ್‌ನ ವಯಲ್ ಬಂದು ಕೂತಿತ್ತು. ಔಷಧದ ಹೆಸರು ಓದಿದೆ, ಅಂಕಿ ಓದಲಿಲ್ಲ. ಕೆಂಪು ಮುಚ್ಚಳದ ಸಿರಿಂಜಿನಲ್ಲಿ 10ರ ಗೆರೆವರೆಗೆ ಎಳೆದು ಚುಚ್ಚಿಬಿಟ್ಟೆ. ಆ ಗೆರೆ ಅಂದರೆ ಕಾಲು ಎಂಎಲ್. ಆ ವಯಲಿನಲ್ಲಿ ಕಾಲು ಎಂಎಲ್ ಅಂದರೆ 25 ಯೂನಿಟ್. ಎರಡೂವರೆ ಪಟ್ಟು.

ವಯಲನ್ನು ವಾಪಸ್ ಇಡುವಾಗ ಪಕ್ಕದಲ್ಲಿ ಹಳೆಯದು ಕಂಡಿತು. ಎರಡನ್ನೂ ಎರಡು ಕೈಯಲ್ಲಿ ಹಿಡಿದು ನೋಡಿದೆ. ಮೊಣಕಾಲಲ್ಲಿ ಶಕ್ತಿಯೇ ಉಳಿಯಲಿಲ್ಲ. ಯಾರೂ ನೋಡಿರಲಿಲ್ಲ. ಅಜ್ಜಿ ಪಕ್ಕದ ಹಾಸಿಗೆಯವರ ಜೊತೆ ಮಾತಾಡುತ್ತಲೇ ಇದ್ದರು. ಸುಮ್ಮನಿದ್ದು ಆಗಾಗ ನಾನೇ ಶುಗರ್ ನೋಡಿಕೊಂಡರಾಯ್ತು ಅಂತ ಯೋಚನೆ ಬಂದದ್ದು ನಿಜ. ಎರಡು ನಿಮಿಷ ಆ ಫ್ರಿಜ್ ಬಾಗಿಲು ಹಿಡಿದುಕೊಂಡೇ ನಿಂತಿದ್ದೆ. ಆಮೇಲೆ ಹೋಗಿ ಡ್ಯೂಟಿ ಡಾಕ್ಟರಿಗೆ ಹೇಳಿದೆ.

ರೆಗ್ಯುಲರ್ ಇನ್ಸುಲಿನ್ ಚರ್ಮದಡಿ ಕೊಟ್ಟರೆ ಎರಡು ಮೂರು ಗಂಟೆಗೆ ಜೋರಾಗುತ್ತದೆ, ಆರೆಂಟು ಗಂಟೆ ಅದರ ಕೆಲಸ ನಡೆಯುತ್ತದೆ. ಅರ್ಧ ಗಂಟೆಗೊಮ್ಮೆ ಶುಗರ್ ನೋಡಿದೆವು. ಡ್ರಿಪ್ ಹಾಕಿ, 25 ಪರ್ಸೆಂಟ್ ಡೆಕ್ಸ್‌ಟ್ರೋಸ್ ಎಳೆದು ಹಾಸಿಗೆ ಪಕ್ಕದಲ್ಲೇ ಇಟ್ಟೆವು. ಎರಡೂವರೆ ಗಂಟೆ ಹೊತ್ತಿಗೆ ಅಜ್ಜಿ ಬೆವರತೊಡಗಿದರು, ಶುಗರ್ 54. ಡೆಕ್ಸ್‌ಟ್ರೋಸ್ ಹೋಯಿತು, ಸುಧಾರಿಸಿಕೊಂಡರು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಆ ಹೊತ್ತಿಗೆ ವಾರ್ಡಿನ ಇನ್ನೊಂದು ತುದಿಯಲ್ಲಿ ಡ್ರೆಸ್ಸಿಂಗ್ ಮಾಡುತ್ತಿರುತ್ತಿದ್ದೆ, ಅಜ್ಜಿ ನಿದ್ದೆ ಹೋಗಿದ್ದಾರೆ ಅಂದುಕೊಂಡಿರುತ್ತಿದ್ದೆ.

ಮರುದಿನ ಇನ್‌ಚಾರ್ಜ್ ಸಿಸ್ಟರ್ ನಡೆದದ್ದನ್ನು ನಡೆದ ಹಾಗೇ ಬರೆದುಕೊಡು ಅಂದರು. ಎರಡು ಬಗೆಯ ವಯಲಿಗೂ ಬೇರೆ ಬೇರೆ ಟ್ರೇ ಮಾಡಿಸಿದರು. ಇನ್ಸುಲಿನ್ ಎಳೆದ ಮೇಲೆ ಇನ್ನೊಬ್ಬರಿಗೆ ವಯಲ್ ಮತ್ತು ಸಿರಿಂಜ್ ಎರಡನ್ನೂ ತೋರಿಸದೆ ಕೊಡಬಾರದು ಅಂತ ಅವತ್ತಿನಿಂದ ರೂಢಿಯಾಯ್ತು. ಅಜ್ಜಿಗೆ ನಾನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವತ್ತೂ ನೀನೇ ಕೊಡು, ನೋಡಿ ಕೊಡು" ಅಂದರು.

ಎರಡನೆಯದು ಉಸಿರಿನ ವಿಚಾರ. ಯಾವುದೇ ಕೇಸ್‌ಶೀಟ್ ತೆಗೆದು ಉಸಿರಾಟದ ಕಾಲಂ ನೋಡಿ. 18, 18, 20, 18. ಬಿಪಿ ಮಷಿನ್ ಹೇಳುತ್ತೆ, ಆಕ್ಸಿಜನ್ ಬೆರಳಿಗೆ ಹಾಕಿದ ಕ್ಲಿಪ್ ಹೇಳುತ್ತೆ. ಉಸಿರನ್ನು ಮಾತ್ರ ನಾವೇ ಎಣಿಸಬೇಕು, ಅದಕ್ಕೇ ಅದನ್ನು ಎಣಿಸುವವರಿಲ್ಲ, ಹಿಂದಿನವರು ಬರೆದದ್ದನ್ನೇ ಬರೆಯುತ್ತಾರೆ.

ಕರುಳಿನ ಆಪರೇಷನ್ ಆಗಿ ನಾಲ್ಕನೇ ದಿನದ ರೋಗಿ. ರಾತ್ರಿ ಒಂದು ಗಂಟೆ. ಬಿಪಿ 124/80, ಆಕ್ಸಿಜನ್ 96, ಜ್ವರ ಇಲ್ಲ. "ಯಾಕೋ ಸಮಾಧಾನ ಇಲ್ಲ ಸಿಸ್ಟರ್" ಅಂದರು, ಅಷ್ಟೇ. ನಾಡಿ ನೋಡುವ ಹಾಗೆ ಮಣಿಕಟ್ಟು ಹಿಡಿದುಕೊಂಡು ಎದೆ ನೋಡಿದೆ (ಎಣಿಸುತ್ತಿದ್ದಾರೆ ಅಂತ ಗೊತ್ತಾದರೆ ಯಾರ ಉಸಿರಾದರೂ ಲಯ ಬದಲಾಗುತ್ತದೆ). ಪೂರ್ತಿ ಒಂದು ನಿಮಿಷ. 28. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದರೆ, ಬಿಪಿ ಚೆನ್ನಾಗಿದೆಯಲ್ಲ, ಬೆಳಗಿನ ರೌಂಡ್ಸ್‌ನಲ್ಲಿ ನೋಡೋಣ ಅಂದರು. ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಎಣಿಸಿದೆ, 30. ಮತ್ತೆ ಫೋನ್ ಮಾಡಿದೆ. "ಸರ್, ನೀವು ಈಗ ಬಂದು ನೋಡಬೇಕು. ಬರೋಕಾಗಲ್ಲ ಅಂದ್ರೆ ನಾನು ಸರ್ಜನ್‌ಗೆ ಫೋನ್ ಮಾಡ್ತೀನಿ." ಬಂದರು. ಕರುಳಿನ ಹೊಲಿಗೆ ಬಿಟ್ಟು ಹೊಟ್ಟೆಯೊಳಗೆ ಸೋರುತ್ತಿತ್ತು. ಬೆಳಕು ಹರಿಯುವ ಮುಂಚೆ ಓಟಿಗೆ ಹೋದರು, ಬದುಕಿದರು.

ಸೋಂಕು ಏರಿ ರಕ್ತದಲ್ಲಿ ಆಮ್ಲ ಹೆಚ್ಚಾಗತೊಡಗಿದರೆ ದೇಹ ಮೊದಲು ಉಸಿರಿನ ವೇಗ ಹೆಚ್ಚಿಸಿ ಅದನ್ನು ಹೊರಹಾಕಲು ನೋಡುತ್ತದೆ. ಬಿಪಿ ಬೀಳುವುದು ಎಷ್ಟೋ ಹೊತ್ತಿನ ಮೇಲೆ. ಬಿಪಿ ಬೀಳುವವರೆಗೆ ಕಾದರೆ ನಾವು ಗಂಟೆಗಟ್ಟಲೆ ಹಿಂದೆ ಬಿದ್ದ ಹಾಗೆ.

ಕೇಳುವುದಿದ್ದರೆ ಕೇಳಿ. ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ.

ಮಕ್ಕಳ ವಾರ್ಡ್
ಭಾನುವಾರ, ರಾತ್ರಿ 7:25

ಸಿಸ್ಟರ್, ಉಸಿರಿನ ಮಾತು ಓದಿ ಮನಸ್ಸು ತುಂಬಿತು. ನಮ್ಮಲ್ಲಂತೂ ಅದೇ ಎಲ್ಲ. ಹೊಸಬರು ಮಾಡೋ ತಪ್ಪು ಒಂದೇ, ಮೊದಲು ಥರ್ಮಾಮೀಟರ್ ಇಡ್ತಾರೆ, ಮಗು ಅಳೋಕೆ ಶುರು, ಆಮೇಲೆ ಉಸಿರು ಎಣಿಸ್ತಾರೆ. ಅಳೋ ಮಗುವಿನ ಲೆಕ್ಕ ಲೆಕ್ಕವೇ ಅಲ್ಲ. ಮಗು ಅಮ್ಮನ ಮಡಿಲಲ್ಲಿ ಇರುವಾಗಲೇ, ಮುಟ್ಟೋಕೆ ಮುಂಚೆ, ಹೊಟ್ಟೆ ಏರೋದು ಇಳಿಯೋದು ನೋಡಿ ಒಂದು ನಿಮಿಷ ಎಣಿಸಿ. ಪಕ್ಕೆಲುಬಿನ ಕೆಳಗೆ ಒಳಕ್ಕೆ ಎಳೆದುಕೊಳ್ತಿದೆಯಾ ಅಂತಲೂ ನೋಡಿ, ಅದಕ್ಕೆ ಬಟ್ಟೆ ಮೇಲೆತ್ತಲೇಬೇಕು. ಬಟ್ಟೆ ಮೇಲಿಂದ ಏನೂ ಕಾಣಲ್ಲ.

ಮೊದಲ ಪೋಸ್ಟಿಂಗ್
ಭಾನುವಾರ, ರಾತ್ರಿ 8:02

ಸಿಸ್ಟರ್, ನಾನು ಸೇರಿ ಏಳು ವಾರ. ಬೇರೆ ಎಲ್ಲ ಹೇಗೋ ನಡೀತಿದೆ. ಕ್ಯಾನುಲಾ (ಡ್ರಿಪ್ ಕೊಡೋಕೆ ರಕ್ತನಾಳಕ್ಕೆ ಹಾಕೋ ಕೊಳವೆ) ಹಾಕುವಾಗ ಕೈ ನಡುಗುತ್ತೆ. ಅದು ರೋಗಿಗೂ ಕಾಣುತ್ತೆ. ನಿನ್ನೆ ಒಬ್ಬರು "ಬೇರೆಯವರನ್ನ ಕಳಿಸಮ್ಮ" ಅಂದರು. ಬಾತ್‌ರೂಮಿಗೆ ಹೋಗಿ ಅತ್ತೆ.

ಹಳೇ ಸಿಸ್ಟರ್
ಭಾನುವಾರ, ರಾತ್ರಿ 9:15

ಅಳು ಬಂದರೆ ಅತ್ತುಬಿಡು ತಾಯಿ, ಏಳು ವಾರ ಅಂದರೆ ಏನೂ ಅಲ್ಲ.

ಮೊದಲು ಕೂತುಕೋ. ನಿಂತು ಬಗ್ಗಿ ಹಾಕಿದರೆ ಎಂಥವರ ಕೈಯೂ ನಡುಗುತ್ತದೆ. ಸೂಜಿ ಹಿಡಿದ ಕೈಯ ಕಿರುಬೆರಳಿನ ಬದಿಯನ್ನು ರೋಗಿಯ ಕೈ ಮೇಲೇ ಊರಿಕೋ, ಆಗ ಅವರ ಕೈ ಅಲುಗಿದರೂ ನಿನ್ನದು ಅದರ ಜೊತೆಗೇ ಹೋಗುತ್ತದೆ. ನರವನ್ನು ಕಣ್ಣಿಂದ ಹುಡುಕಬೇಡ, ಬೆರಳಿಂದ ಹುಡುಕು. ಒತ್ತಿ ಬಿಟ್ಟರೆ ಪುಟಿಯುವ ನರ ಒಳ್ಳೆಯದು. ಗಟ್ಟಿ ಹಗ್ಗದ ಹಾಗೆ ಸಿಕ್ಕರೆ ಬಿಟ್ಟುಬಿಡು. ವಯಸ್ಸಾದವರ ನರ ಜಾರುತ್ತದೆ, ಚುಚ್ಚುವ ಜಾಗದ ಕೆಳಗಿನ ಚರ್ಮವನ್ನು ಹೆಬ್ಬೆರಳಿನಿಂದ ಬಿಗಿಯಾಗಿ ಎಳೆದು ಹಿಡಿ, ಕೊನೆವರೆಗೂ ಸಡಿಲ ಬಿಡಬೇಡ.

ಇನ್ನು ಹೆಚ್ಚಿನವರು ಎಡವುವ ಜಾಗ. ಹಿಂದೆ ರಕ್ತ ಕಂಡ ಕೂಡಲೇ ಸಿಕ್ಕಿತು ಅಂತ ಸೂಜಿ ಎಳೆದುಬಿಡುತ್ತಾರೆ. ಆಗ ಸೂಜಿಯ ತುದಿ ಮಾತ್ರ ನರದೊಳಗಿರುತ್ತದೆ, ಪ್ಲಾಸ್ಟಿಕ್ ಕೊಳವೆ ಇನ್ನೂ ಹೊರಗೇ. ರಕ್ತ ಕಂಡ ಮೇಲೆ ಕೈ ತಗ್ಗಿಸಿ ಒಂದೆರಡು ಮಿಲಿಮೀಟರ್ ಮುಂದೆ ಹೋಗು, ಆಮೇಲೆ ಕೊಳವೆ ಜಾರಿಸು. ಹಿಂದಕ್ಕೆ ಎಳೆದ ಸೂಜಿಯನ್ನು ಮತ್ತೆ ಕೊಳವೆಯೊಳಗೆ ಯಾವ ಕಾರಣಕ್ಕೂ ತೂರಿಸಬೇಡ. ಕೊಳವೆ ಕತ್ತರಿಸಿ ಚೂರು ರಕ್ತದಲ್ಲಿ ಹೋಗಬಹುದು. ನೀಲಿ 22 ಸಾಕಾಗುವ ಕಡೆ ಹಸಿರು 18ಕ್ಕೆ ಕೈ ಹಾಕಬೇಡ.

ಎರಡು ಸಲ ಸಿಗದಿದ್ದರೆ ಇನ್ನೊಬ್ಬರನ್ನು ಕರೆ. ಈಗಲೂ ನಾನು ಕರೆಯುತ್ತೇನೆ. ಹೋದ ತಿಂಗಳು ನನಗೆ ಸಿಗದ ನರವನ್ನು ಎರಡು ವರ್ಷದ ಹುಡುಗನೊಬ್ಬ ಒಂದೇ ಸಲಕ್ಕೆ ಹಿಡಿದ. ಎರಡು ವರ್ಷ ಅಂದರೆ ಸರ್ವಿಸ್.

ನರ್ಸಿಂಗ್ ಟ್ಯೂಟರ್
ಸೋಮವಾರ, ಬೆಳಿಗ್ಗೆ 10:40

ರಾತ್ರಿ ಒಂದು ಗಂಟೆಗೆ ಡಾಕ್ಟರಿಗೆ ಫೋನ್ ಮಾಡುವ ಸಂಗತಿ ನನ್ನ ವಿದ್ಯಾರ್ಥಿಗಳಿಗೆ ಎಲ್ಲಕ್ಕಿಂತ ಕಷ್ಟದ್ದು. "ಸರ್, ಪೇಷಂಟ್ ಒಂಥರಾ ಇದ್ದಾರೆ" ಅಂತ ಶುರು ಮಾಡುತ್ತಾರೆ, ನಿದ್ದೆಗಣ್ಣಿನಲ್ಲಿರುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ನಾನು ಎಸ್‌ಬಾರ್ ಕಲಿಸುತ್ತೇನೆ. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಬಳಸುತ್ತಿದ್ದ ಕ್ರಮ, ಆಮೇಲೆ ಆಸ್ಪತ್ರೆಗಳಿಗೆ ಬಂತು. ಈಗ ಏನಾಗುತ್ತಿದೆ, ಹಿನ್ನೆಲೆ ಏನು, ನನಗೆ ಏನನ್ನಿಸುತ್ತದೆ, ನೀವು ಏನು ಮಾಡಬೇಕು. ಹಳೇ ಸಿಸ್ಟರ್ ಅವರ ರೋಗಿಯನ್ನೇ ಇಟ್ಟುಕೊಂಡರೆ ಹೀಗೆ: "ಸರ್ಜಿಕಲ್ ವಾರ್ಡಿನಿಂದ ಮಾತಾಡ್ತಿದ್ದೀನಿ ಸರ್. 12ನೇ ಬೆಡ್ ರೋಗಿಯ ಉಸಿರು ನಿಮಿಷಕ್ಕೆ 28. ಕರುಳಿನ ಆಪರೇಷನ್ ಆಗಿ ನಾಲ್ಕನೇ ದಿನ, ಸಂಜೆ 18 ಅಂತ ಬರೆದಿದೆ. ಬಿಪಿ ಸರಿ ಇದೆ, ಆದರೆ ಒಳಗೆ ಏನೋ ಆಗ್ತಿದೆ ಅನ್ನಿಸ್ತಿದೆ. ಈಗ ಬಂದು ನೋಡಬೇಕು." ಅರ್ಧ ನಿಮಿಷವೂ ಆಗುವುದಿಲ್ಲ. ಆರ್ಡರ್ ಕೊಟ್ಟರೆ ತಿರುಗಿ ಓದಿ ಹೇಳಿ, ಅವರು ಹೌದು ಅಂದ ಮೇಲೆ ಬರೆದುಕೊಳ್ಳಿ.

ಬ್ರಿಟನ್ನಿನಲ್ಲಿ 2012ರಲ್ಲಿ ಬಂದ ನ್ಯೂಸ್ ಸ್ಕೋರಿನಲ್ಲಿ (ರೋಗಿ ಹದಗೆಡುವುದನ್ನು ಮೊದಲೇ ಗುರುತಿಸಲು ಅಳತೆಗಳಿಗೆ ಅಂಕ ಹಾಕುವ ಕ್ರಮ) ಉಸಿರು 25 ಅಥವಾ ಹೆಚ್ಚಾದರೆ ಅದೊಂದಕ್ಕೇ 3 ಅಂಕ. ಒಂದೇ ಅಳತೆಗೆ 3 ಬಂದರೆ ಉಳಿದದ್ದೆಲ್ಲ ಸರಿ ಇದ್ದರೂ ಕೂಡಲೇ ನೋಡಬೇಕೆಂಬುದು ಅದರ ಲೆಕ್ಕ. ಫೋನಿನಲ್ಲಿ ಆ ಅಂಕಿಯನ್ನೇ ಹೇಳಿ.

ಫ್ಲಾರೆನ್ಸ್ ನೈಟಿಂಗೇಲ್ ಅಂದರೆ ಎಲ್ಲರಿಗೂ ದೀಪವೇ ನೆನಪಿಗೆ ಬರುತ್ತದೆ. 1858ರಲ್ಲಿ ಅವರು ಕ್ರಿಮಿಯನ್ ಯುದ್ಧದ ಸೈನಿಕರ ಸಾವಿನ ಲೆಕ್ಕವನ್ನು ತಿಂಗಳು ತಿಂಗಳಿಗೂ ಚಿತ್ರ ಮಾಡಿ ತೋರಿಸಿದರು. ಗಾಯಕ್ಕಿಂತ ತಡೆಯಬಹುದಾಗಿದ್ದ ಸೋಂಕಿನಿಂದ ಸತ್ತವರೇ ಹೆಚ್ಚು ಅನ್ನುವುದು ಅದರಲ್ಲಿ ಕಣ್ಣಿಗೆ ಹೊಡೆಯುವಂತಿತ್ತು. ನಮ್ಮ ವೃತ್ತಿ ಶುರುವಾದದ್ದೇ ಎಣಿಸಿ ಬರೆದು ಹೇಳುವುದರಿಂದ ಅಂತ ನಾನು ತರಗತಿಯಲ್ಲಿ ಹೇಳುತ್ತಿರುತ್ತೇನೆ.

ಐಸಿಯು ರಾತ್ರಿ
ಸೋಮವಾರ, ಮಧ್ಯಾಹ್ನ 1:30

ಸಿಸ್ಟರ್, ಗೌರವದಿಂದಲೇ ಒಂದು ಮಾತು. ನಿಮಗೆ ಒಳ್ಳೆ ಇನ್‌ಚಾರ್ಜ್ ಸಿಕ್ಕಿದ್ರು. ಎಲ್ಲರಿಗೂ ಹಾಗೆ ಸಿಗಲ್ಲ. ನಾನು ಮೊದಲು ಕೆಲಸ ಮಾಡಿದ ಕಡೆ ಒಂದು ಆಂಟಿಬಯೋಟಿಕ್ ಒಂದು ಗಂಟೆ ತಡವಾಯ್ತು ಅಂತ ನಾನೇ ಹೋಗಿ ಹೇಳಿದೆ. ಸಂಬಳ ಹಿಡಿದ್ರು, ನೋಟಿಸ್ ಬೋರ್ಡಲ್ಲಿ ಹೆಸರು ಹಾಕಿದ್ರು. ಅದಾದ ಮೇಲೆ ತಿಂಗಳುಗಟ್ಟಲೆ ತಪ್ಪು ಬರೆಯೋ ರಿಜಿಸ್ಟರಲ್ಲಿ ಒಂದೇ ಒಂದು ಸಾಲು ಬೀಳಲಿಲ್ಲ. ಮೀಟಿಂಗಲ್ಲಿ ಅದನ್ನೇ ಹೆಮ್ಮೆಯಿಂದ ತೋರಿಸಿದ್ರು.

ಆದ್ರೆ ಬಟ್ಟೆ ಬದಲಾಯಿಸೋ ರೂಮಲ್ಲಿ ನಮಗೆ ನಮಗೇ ಗೊತ್ತಿತ್ತು. ಡಿಸ್ಟಿಲ್ಡ್ ವಾಟರ್ ಆಂಪ್ಯೂಲೂ ಕೆಸಿಎಲ್ (ಪೊಟ್ಯಾಸಿಯಂ ಕ್ಲೋರೈಡ್) ಆಂಪ್ಯೂಲೂ ಒಂದೇ ಡ್ರಾಯರಲ್ಲಿ ಪಕ್ಕಪಕ್ಕ ಇದ್ವು, ನೋಡೋಕೆ ಹೆಚ್ಚುಕಮ್ಮಿ ಒಂದೇ ಥರ. ನನ್ನ ಜೊತೆಯವರೊಬ್ಬರು ಪೌಡರ್ ಇಂಜೆಕ್ಷನ್ ಕಲಸೋಕೆ ಕೆಸಿಎಲ್ ಒಡೆದು, ಸಿರಿಂಜಿಗೆ ಎಳೆಯುವಾಗ ಲೇಬಲ್ ನೋಡಿ ಚೆಲ್ಲಿದ್ರು. ಕೆಸಿಎಲ್ ನೇರ ನರಕ್ಕೆ ತಳ್ಳಿದ್ರೆ ಹೃದಯ ನಿಂತೇ ಹೋಗುತ್ತೆ. ಅದನ್ನ ಎಲ್ಲಾದ್ರೂ ಹೇಳಿದ್ವಾ? ಇಲ್ಲ. ಡ್ರಾಯರ್ ಹಾಗೇ ಇತ್ತು. ನಾನೂ ಹೇಳಲಿಲ್ಲ. ಅಲ್ಲಿಂದ ಬಂದು ಎಷ್ಟೋ ವರ್ಷ ಆಯ್ತು, ಇವತ್ತಿಗೂ ಅದೊಂದು ಚುಚ್ಚುತ್ತೆ.

ಹೊಸಬರಿಗೆ ಹೇಳಿ ಅನ್ನೋದು ಸುಲಭ. ಕೇಳಿಸಿಕೊಳ್ಳೋರಿಗೆ ಯಾರು ಹೇಳ್ತಾರೆ?

ಹಳೇ ಸಿಸ್ಟರ್
ಸೋಮವಾರ, ಸಂಜೆ 5:50

ತಮ್ಮಾ, ನೀನು ಹೇಳಿದ್ದು ಸರಿ. ನನ್ನ ಬರಹದಲ್ಲಿ ಅದು ಬಿಟ್ಟುಹೋಗಿತ್ತು, ಬಿಡಬಾರದಿತ್ತು.

ನಾನು ಇನ್‌ಚಾರ್ಜ್ ಆದ ಮೊದಲ ವರ್ಷ ಒಂದು ಹುಡುಗಿ ಹ್ಯಾಂಡೋವರಿನಲ್ಲಿ ಒಂದು ಡ್ರೈನ್ (ಗಾಯದ ದ್ರವ ಹೊರಬರಲು ಹಾಕುವ ಕೊಳವೆ) ಅಳತೆ ಮರೆತಳು ಅಂತ ಎಲ್ಲರ ಮುಂದೆ ಕೂಗಾಡಿದೆ. ಮೂರು ವಾರದ ಮೇಲೆ ಅವಳದೇ ಪಾಳಿಯಲ್ಲಿ ಒಬ್ಬರ ಡ್ರಿಪ್ ನರದಿಂದ ಹೊರಗೆ ಹೋಗಿತ್ತು. ಅವಳಿಗೆ ಸಂಜೆಯೇ ಗೊತ್ತಾಗಿತ್ತು. ನನಗೆ ಹೇಳಲು ಹೆದರಿ ಡ್ರಿಪ್ ನಿಧಾನ ಮಾಡಿ ಬಿಟ್ಟಿದ್ದಳು. ಬೆಳಿಗ್ಗೆ ನೋಡಿದರೆ ಮೊಣಕೈವರೆಗೆ ಊದಿ, ಚರ್ಮ ಬಿಗಿದು ಹೊಳೆಯುತ್ತಿತ್ತು, ಬೆರಳು ತಣ್ಣಗಾಗಿದ್ದವು. ಆ ಕೈ ಊದಿದ್ದರಲ್ಲಿ ಅರ್ಧ ಪಾಲು ನನ್ನದು. ಆಮೇಲೆ ಯಾರು ಏನೇ ಬಂದು ಹೇಳಿದರೂ ನಾನು ಮೊದಲು ಕೇಳುವುದು "ರೋಗಿ ಈಗ ಹೇಗಿದ್ದಾರೆ?" ಅಂತ. ಬೈಯಬೇಕು ಅನ್ನಿಸಿದರೂ ಆ ಪ್ರಶ್ನೆ ಮುಗಿಯುವ ಹೊತ್ತಿಗೆ ಸಿಟ್ಟು ಅರ್ಧ ಇಳಿದಿರುತ್ತದೆ.

ನಿನ್ನಂಥ ಕಡೆ ಕೆಲಸ ಮಾಡುವವರು ಡಾಕ್ಟರಿಗೆ ಹೇಳುವುದನ್ನೂ ಆಡಳಿತಕ್ಕೆ ಹೇಳುವುದನ್ನೂ ಬೇರೆ ಬೇರೆ ಮಾಡಿಕೊಳ್ಳಿ. ಮೊದಲನೆಯದು ರೋಗಿಗಾಗಿ, ಅದು ಆ ಕ್ಷಣವೇ ಆಗಬೇಕು. ಎರಡನೆಯದಕ್ಕೆ ಒಬ್ಬರೇ ಹೋಗಬೇಡಿ, ನಂಬಿಕೆಯ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ. ಬರೆಯುವಾಗ ಸಮಯ, ಔಷಧ, ಪ್ರಮಾಣ, ಯಾರಿಗೆ ಎಷ್ಟು ಹೊತ್ತಿಗೆ ತಿಳಿಸಿದೆ, ಆಮೇಲೆ ರೋಗಿ ಹೇಗಿದ್ದರು, ಇಷ್ಟೇ ಬರೆಯಿರಿ. ಸಮರ್ಥನೆ ಬೇಡ, ಕ್ಷಮಾಪಣೆಯ ಪತ್ರವೂ ಅಲ್ಲ ಅದು. ಆ ಡ್ರಾಯರಿನ ಮಾತನ್ನು ಈಗ ನೀನಿರುವ ಕಡೆಯಾದರೂ ಎತ್ತು.

ಐಸಿಯು ರಾತ್ರಿ
ಸೋಮವಾರ, ಸಂಜೆ 6:35

ಎತ್ತಿದ್ದೀನಿ ಸಿಸ್ಟರ್. ಇಲ್ಲಿ ಕೆಸಿಎಲ್ ಬೇರೆ ಬೀಗದಲ್ಲಿದೆ, ಡೈಲ್ಯೂಟ್ ಮಾಡುವಾಗ ಇಬ್ಬರು ಸಹಿ ಹಾಕ್ತೀವಿ.

ರೋಗಿಯ ಮಗಳು
ಸೋಮವಾರ, ರಾತ್ರಿ 7:20

ನಾನು ನರ್ಸ್ ಅಲ್ಲ. ಅಪ್ಪ ಹೋಗಿ ಎರಡು ವರ್ಷ. ಕೊನೆಯ ರಾತ್ರಿ ಎಲ್ಲರೂ ನಮಗೆ "ನೋಡೋಣ, ನೋಡೋಣ" ಅನ್ನುತ್ತಿದ್ದರು. ಒಬ್ಬ ಸಿಸ್ಟರ್ ಮಾತ್ರ ಡಾಕ್ಟರ ಹತ್ತಿರ ಮಾತಾಡಿ ಬಂದು ನನ್ನ ಪಕ್ಕ ಕೂತು, "ಹೆಚ್ಚು ಹೊತ್ತು ಇಲ್ಲಮ್ಮ, ಮನೆಯವರನ್ನು ಕರೆಸಿಕೊಳ್ಳಿ, ಹತ್ತಿರ ಕೂತು ಮಾತಾಡಿ, ಅವರಿಗೆ ಕೇಳಿಸುತ್ತಿರಬಹುದು" ಅಂದರು. ತಮ್ಮ ಬಂದು ಸೇರಿದ. ಅಪ್ಪನನ್ನು ಮಗ್ಗುಲು ಬದಲಾಯಿಸುವಾಗಲೂ ಅವರು ಹೆಸರು ಹಿಡಿದು "ಈಗ ಈ ಕಡೆ ತಿರುಗಿಸ್ತೀನಿ" ಅಂತ ಹೇಳಿ ತಿರುಗಿಸುತ್ತಿದ್ದರು. ಆ ಸಿಸ್ಟರಿಗೆ ಒಂದು ಮಾತು ಹೇಳಲೂ ಆಗಲಿಲ್ಲ. ಇಲ್ಲಿ ಬರೆಯೋಣ ಅನ್ನಿಸಿತು.

ಮೊದಲ ಪೋಸ್ಟಿಂಗ್
ಸೋಮವಾರ, ರಾತ್ರಿ 9:05

ಎಲ್ಲ ಓದಿದೆ. ಒಂದು ವಿಷಯ ಹೇಳಬೇಕು, ಯಾರಿಗೂ ಹೇಳಿಲ್ಲ. ಇವತ್ತು ಬೆಳಗಿನ ಜಾವ ಐದಕ್ಕೆ ರಕ್ತ ತೆಗೆದ ಮೇಲೆ ಸೂಜಿಗೆ ಮುಚ್ಚಳ ಹಾಕಲು ಹೋಗಿ ಎಡಗೈ ತೋರುಬೆರಳಿಗೆ ಚುಚ್ಚಿಕೊಂಡಿತು. ಗ್ಲೌಸ್ ಹಾಕಿದ್ದೆ. ರಕ್ತ ಬಂತು. ಮುಚ್ಚಳ ಹಾಕಬಾರದು ಅಂತ ಗೊತ್ತು, ಅದಕ್ಕೇ ಹೇಳಲು ನಾಚಿಕೆ. ಇನ್‌ಚಾರ್ಜ್ ಏನಂತಾರೋ ಅಂತ ಭಯ. ಹೆಪಟೈಟಿಸ್ ಬಿ ಲಸಿಕೆ ಎರಡು ಡೋಸ್ ಆಗಿದೆ, ಮೂರನೆಯದು ಬಿಟ್ಟುಹೋಗಿದೆ. ನಾಳೆ ಹೇಳಿದರೆ ಆಗುತ್ತಾ?

ಹಳೇ ಸಿಸ್ಟರ್
ಸೋಮವಾರ, ರಾತ್ರಿ 9:11

ನಾಳೆ ಅಲ್ಲ ತಾಯಿ, ಈಗಲೇ. ನಿನ್ನ ಆಸ್ಪತ್ರೆಯ ಕ್ಯಾಷುವಾಲ್ಟಿಗೆ ಹೋಗು. ಹೋಗುತ್ತಾ ದಾರಿಯಲ್ಲೇ ಇನ್‌ಚಾರ್ಜ್‌ಗೆ ಫೋನ್ ಮಾಡು. ಬೆರಳನ್ನು ಹಿಂಡಬೇಡ, ಸೋಪು ನೀರಿನಲ್ಲಿ ತೊಳೆ, ಸ್ಪಿರಿಟ್ ಹಾಕಿ ಉಜ್ಜಬೇಡ. ಯಾವ ರೋಗಿ ಅಂತ ಅವರಿಗೆ ಹೇಳು, ಅವರ ರಕ್ತವನ್ನೂ ಪರೀಕ್ಷೆಗೆ ಕಳಿಸಬೇಕು. ಉಳಿದದ್ದು ಆಮೇಲೆ ಬರೆ.

ಡ್ಯೂಟಿ ಡಾಕ್ಟರ್
ಸೋಮವಾರ, ರಾತ್ರಿ 9:19

ಸಿಸ್ಟರ್ ಹೇಳಿದ್ದನ್ನೇ ಮಾಡಿ. ಎಚ್‌ಐವಿ ತಡೆಯುವ ಮಾತ್ರೆ ಕೊಡಬೇಕಾಗಿ ಬಂದರೆ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು, 72 ಗಂಟೆಯೊಳಗೆ ಶುರು ಆಗಲೇಬೇಕು, 28 ದಿನ ತೆಗೆದುಕೊಳ್ಳಬೇಕು. ನಿಮಗೆ ಈಗ 16 ಗಂಟೆ ಆಗಿದೆ, ಸಮಯ ಮೀರಿಲ್ಲ. ಸೋಂಕಿರುವವರ ಸೂಜಿ ಚುಚ್ಚಿದರೂ ಎಚ್‌ಐವಿ ಬರುವ ಸಾಧ್ಯತೆ ಸಾವಿರಕ್ಕೆ ಮೂರರಷ್ಟು. ಲಸಿಕೆಯಿಲ್ಲದವರಿಗೆ ಹೆಪಟೈಟಿಸ್ ಬಿ ಅಪಾಯ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಹಾಗಾಗಿ ಮೂರನೇ ಡೋಸ್ ಬಿಟ್ಟುಹೋದದ್ದನ್ನು ಮರೆಯದೆ ಹೇಳಿ.

ಐಸಿಯು ರಾತ್ರಿ
ಸೋಮವಾರ, ರಾತ್ರಿ 9:24

ತಂಗಿ, ನನಗೂ ಚುಚ್ಚಿಕೊಂಡಿದೆ, ಒಂದಲ್ಲ ಎರಡು ಸಲ. ನಾಚಿಕೆ ಬೇಡ. ಹೋಗು.

ಮೊದಲ ಪೋಸ್ಟಿಂಗ್
ಮಂಗಳವಾರ, ರಾತ್ರಿ 8:40

ಹೋದೆ. ಇನ್‌ಚಾರ್ಜ್ ಸಿಸ್ಟರ್‌ಗೆ ಫೋನ್ ಮಾಡಿದಾಗ ಒಂದು ಕ್ಷಣ ಏನೂ ಮಾತಾಡಲಿಲ್ಲ. ಆಮೇಲೆ "ತೊಳ್ಕೊಂಡ್ಯಾ?" ಅಂತ ಕೇಳಿದರು. ನೈಟ್ ಡ್ಯೂಟಿಯಲ್ಲಿ ಇರಲಿಲ್ಲ, ಆದರೂ ಮನೆಯಿಂದ ಬಂದರು. ರಿಪೋರ್ಟ್ ಬರುವವರೆಗೆ ಕಾಯದೆ ಮಾತ್ರೆಯ ಮೊದಲ ಡೋಸ್ ಕೊಟ್ಟರು. ನನ್ನ ರಕ್ತವನ್ನೂ ತೆಗೆದಿಟ್ಟುಕೊಂಡರು, ಮೂರನೇ ಡೋಸ್ ಲಸಿಕೆ ಹಾಕಿದರು. ಇವತ್ತು ಮಧ್ಯಾಹ್ನ ರೋಗಿಯ ರಿಪೋರ್ಟ್ ಬಂತು, ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಮೂರೂ ನೆಗೆಟಿವ್. ಡಾಕ್ಟರ್ ಮಾತ್ರೆ ನಿಲ್ಲಿಸಿದರು.

ಯಾಕೆ ಮುಚ್ಚಳ ಹಾಕಲು ಹೋದೆ ಅಂತ ಸಿಸ್ಟರ್ ಕೇಳಿದರು. ಸೂಜಿ ಹಾಕುವ ಡಬ್ಬ ವಾರ್ಡಿನ ಆ ತುದಿಯಲ್ಲಿದೆ, ಬರಿ ಸೂಜಿ ಹಿಡಿದು ಎಂಟು ಹಾಸಿಗೆ ದಾಟಬೇಕು, ಅದಕ್ಕೆ ಅಂದೆ. ಅವರು ನನ್ನ ಜೊತೆ ಆ ತುದಿವರೆಗೆ ನಡೆದು ನೋಡಿದರು. ಸಂಜೆ ಹೊತ್ತಿಗೆ ಸ್ಟೋರಿನಿಂದ ಮೂರು ಡಬ್ಬ ತರಿಸಿ ಮೂರು ಟ್ರಾಲಿಗೂ ಕಟ್ಟಿಸಿದ್ದಾರೆ. ನಾನು ಇವತ್ತು ರಾತ್ರಿ ಡ್ಯೂಟಿಯಲ್ಲಿದ್ದೀನಿ, ಎರಡು ಕ್ಯಾನುಲಾ ಬಾಕಿ ಇದೆ, ಕೂತ್ಕೊಂಡೇ ಹಾಕ್ತೀನಿ ಸಿಸ್ಟರ್.

ಹಳೇ ಸಿಸ್ಟರ್
ಮಂಗಳವಾರ, ರಾತ್ರಿ 8:52

ಹೋಗಿ ಬಾ. ಆ ಡಬ್ಬ ಮುಕ್ಕಾಲು ತುಂಬಿದ ಕೂಡಲೇ ಬದಲಾಯಿಸಲು ಹೇಳು, ಮೇಲಿಂದ ಒತ್ತಿ ತುರುಕಬೇಡ.